ಎಳ್ಳು ಬೀರೋಕೆ 60 ಕಾಗದದ ಪಾಕೆಟ್ಟು

ನಮ್ಮ ಮನೆಯ ಊಟದ ಮೇಜಿನ ಮೇಲೆ ಗುಲಾಬಿ ಬಣ್ಣದ ಬೆಂಡೆಕಾಯಿ ಅಚ್ಚಿನ ಹೂವೊಂದು ಕೂತುಬಿಟ್ಟಿದೆ. ಸೋಪು ಹಾಕಿ ಉಜ್ಜಿದೆ, ನಿಂಬೆಹಣ್ಣು ತಿಕ್ಕಿದೆ, ಹೋಗಲಿಲ್ಲ. ಸಂಕ್ರಾಂತಿ ಕಳೆದು ಹತ್ತು ದಿನವಾಯಿತು. ಈಗ ಅದರ ಮೇಲೆ ಸಾರಿನ ಪಾತ್ರೆ ಇಟ್ಟು ಮುಚ್ಚಿಕೊಳ್ಳುತ್ತಿದ್ದೇನೆ.

ಈ ಸಲ ಎಳ್ಳು ಬೀರುವುದಕ್ಕೆ ಕಾಗದದ ಪಾಕೆಟ್ಟು ಮಾಡಿದೆವು. ನಾನು, ಎರಡನೇ ಕ್ಲಾಸಿನ ಮಗಳು, ಬೇಡ ಬೇಡ ಅಂತಲೇ ಕೊನೆಗೆ ಬಂದು ಕೂತ ನಮ್ಮವರು. ಒಟ್ಟು 60. ಇದಲ್ಲದೆ 11 ಕಸದ ಬುಟ್ಟಿಗೆ ಹೋದವು, ಅವನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಯಾಕಪ್ಪಾ ಇಷ್ಟು ಕಷ್ಟ, ಹತ್ತು ನಿಮಿಷ ನಡೆದರೆ ಗಾಂಧಿ ಬಜಾರ್, ಅಲ್ಲಿ ಕೇಳಿದಷ್ಟು ಜಿಪ್ ಕವರ್ ಸಿಗುತ್ತಲ್ಲ ಅಂತ ನಮ್ಮತ್ತೆ ಕೇಳಿದರು. ಸಿಗುತ್ತೆ. ಹೋದ ವರ್ಷದವರೆಗೂ ನಾವೂ ಅದನ್ನೇ ತರುತ್ತಿದ್ದೆವು. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕವರ್ ನಿಷೇಧ ಬಂತು, ಆಮೇಲೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ಒಂದು ಪಟ್ಟಿ ಬಂತು. ಕ್ಯಾಂಡಿಗೆ ಚುಚ್ಚುವ ಪ್ಲಾಸ್ಟಿಕ್ ಕಡ್ಡಿ, ಸ್ವೀಟ್ ಬಾಕ್ಸಿನ ಮೇಲೆ ಸುತ್ತುವ ತೆಳು ಪ್ಲಾಸ್ಟಿಕ್ ಎರಡೂ ಅದರಲ್ಲಿವೆ. ಜಿಪ್ ಕವರಿನ ಹೆಸರು ಮಾತ್ರ ಕಾಣಲಿಲ್ಲ. ಹಾಗಾಗಿ ಕಾನೂನಿಗೆ ಹೆದರಿ ಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನಿಜವಾದ ಕಾರಣ ಏನು ಅಂದರೆ, ಎಳ್ಳು ಬೆಲ್ಲ ಜಿಪ್ ಕವರಿನಲ್ಲಿ ಕೂತರೆ ಮೆಡಿಕಲ್ ಶಾಪಿನವರು ಕಟ್ಟಿಕೊಟ್ಟ ಬಿಡಿ ಮಾತ್ರೆ ಥರ ಕಾಣುತ್ತದೆ. ಹೊಸ ಲಂಗ ಹಾಕಿಕೊಂಡು, ಹೂ ಮುಡಿದು, ಬೆಳ್ಳಿ ತಟ್ಟೆ ಹಿಡಿದು ಹೋಗುವ ಹುಡುಗಿ, ತಟ್ಟೆ ತುಂಬ ಕವರ್ರು. ನೋಡೋಕೆ ಆಗುವುದಿಲ್ಲ ಅಲ್ವಾ?

ನಾನು ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಎಳ್ಳಿನ ಡಬ್ಬಿ, ಒಂದು ಚಮಚ, ಮೇಲೆ ಅಮ್ಮ ಹಾಕಿದ ಕ್ರೋಶಾ ಬಟ್ಟೆ. ಹೋದ ಮನೆಯವರು ತಮ್ಮ ಡಬ್ಬಿ ತರುತ್ತಿದ್ದರು, ನಾವು ಒಂದೆರಡು ಚಮಚ ಹಾಕಿ, ಒಂದು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು ಇಟ್ಟು ಬರುತ್ತಿದ್ದೆವು. ಈಗ ಲಿಫ್ಟ್ ಹತ್ತಿ ಇಳಿದು ಒಂದೇ ಸಂಜೆ ನಲವತ್ತು ಮನೆ. ಬಾಗಿಲಲ್ಲೇ ಕೊಟ್ಟು ಓಡುವುದು. ಡಬ್ಬಿ ತೆಗೆಯುವ ಪುರುಸೊತ್ತು ಯಾರಿಗೂ ಇಲ್ಲ. ಹಾಗಾಗಿ ಪಾಕೆಟ್ಟು ಬೇಕೇ ಬೇಕು. ಅದು ಯಾವುದರದ್ದು ಅನ್ನುವುದು ಮಾತ್ರ ಪ್ರಶ್ನೆ.

ಇದಕ್ಕೆ ಮುಂಚೆ ಒಂದು ಸಲ ಪ್ರಯತ್ನ ಮಾಡಿ ಮುಖ ಕೆಡಿಸಿಕೊಂಡಿದ್ದೆ. ನವೆಂಬರಿನಲ್ಲಿ ಮಗಳ ಹುಟ್ಟುಹಬ್ಬ. ಕ್ಲಾಸಿಗೆ ಪೆಪ್ಪರ್‌ಮೆಂಟು ಹಂಚಬೇಕು, ಬರೀ ಕೈಯಿಂದ ಕೊಟ್ಟರೆ ಈಗಿನ ಮಕ್ಕಳಿಗೆ ಸಾಲದು. ಇಂಟರ್ನೆಟ್ಟಿನಲ್ಲಿ ಒಂದು ಲಕೋಟೆಯ ನಕ್ಷೆ ನೋಡಿ, ಕತ್ತರಿಸಿ, ಬಿಳಿ ಗೋಂದು ಹಚ್ಚಿ, ಮೇಲೆ ಮಿನುಗು ಪುಡಿ ಉದುರಿಸಿ, ರಾತ್ರಿ ಒಂದು ಗಂಟೆವರೆಗೆ ಕೂತು 38 ಮಾಡಿದೆ. ಬೆಳಿಗ್ಗೆ ನೋಡಿದರೆ ಗೋಂದು ಹಚ್ಚಿದ ಕಡೆಯೆಲ್ಲ ಕಾಗದ ಸುಕ್ಕಾಗಿ ಅಜ್ಜಿಯ ಕೈಯಾಗಿತ್ತು. ಕೆಲವು ಬಿಟ್ಟುಕೊಂಡಿದ್ದವು. ಸ್ಕೂಲ್ ಬಸ್ಸಿಗೆ ಇಪ್ಪತ್ತು ನಿಮಿಷ. ಗಾಬರಿಯಲ್ಲಿ ಸ್ಟೇಪ್ಲರ್ ತೆಗೆದುಕೊಂಡು ಟಕ್ ಟಕ್ ಅಂತ ಹೊಡೆದು ಕಳಿಸಿದೆ. ಸಂಜೆ ಡೈರಿಯಲ್ಲಿ ಕೆಂಪು ಅಕ್ಷರ. ಒಂದು ಮಗುವಿನ ಬಾಯಿಗೆ ಪಿನ್ನು ಹೋಗಿತ್ತಂತೆ, ಪುಣ್ಯಕ್ಕೆ ಉಗುಳಿದೆ. ಇನ್ನೊಂದು ಮಗುವಿನ ನಾಲಿಗೆ ಮೇಲೆ ಮಿನುಗು ಪುಡಿ.

ಅವತ್ತೇ ತೀರ್ಮಾನ ಮಾಡಿದೆ. ತಿನ್ನುವ ವಸ್ತುವಿನ ಹತ್ತಿರ ಪಿನ್ನು ಬೇಡ, ಮಿನುಗು ಬೇಡ, ಸಾಧ್ಯವಾದರೆ ಗೋಂದೂ ಬೇಡ. ಮತ್ತೆ ಇನ್ನೊಂದು. ಮೊದಲು ಒಳಗೆ ಏನು ಕೂರುತ್ತದೆ ಅಂತ ನೋಡಬೇಕು, ಅಲಂಕಾರದ ಯೋಚನೆ ಆಮೇಲೆ. ನಾನು ಉಲ್ಟಾ ಮಾಡಿದ್ದೆ.

ಪೆಪ್ಪರ್‌ಮೆಂಟಿಗಾದರೆ ಯಾವ ಕಾಗದವಾದರೂ ನಡೆಯುತ್ತದೆ, ಅದಕ್ಕೆ ಅದರದೇ ಅಂಗಿ ಇರುತ್ತದೆ. ಎಳ್ಳು ಬೆಲ್ಲ ಹಾಗಲ್ಲ. ಡಿಸೆಂಬರಿನಲ್ಲಿ ಪರೀಕ್ಷೆಗೆ ಅಂತ ಒಂದು ಹಿಡಿ ಎಳ್ಳು, ಕಡಲೆಬೀಜ, ಕೊಬ್ಬರಿ ಚೂರು ಒಂದು ಬಿಳಿ ಹಾಳೆಯಲ್ಲಿ ಕಟ್ಟಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಹಾಳೆ ಕಿಟಕಿ ಗಾಜಿನ ಥರ ಆಗಿತ್ತು, ಒಳಗಿನ ಕೊಬ್ಬರಿ ಎಣಿಸಬಹುದಿತ್ತು. ಆಗಲೇಬೇಕು ಬಿಡಿ. ಎಳ್ಳಿನಲ್ಲಿ ಸುಮಾರು ಅರ್ಧ ಎಣ್ಣೆ, ಕಡಲೆಬೀಜದಲ್ಲೂ ಹತ್ತಿರ ಹತ್ತಿರ ಅಷ್ಟೇ, ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಗಾಣದ ಅಂಗಡಿಯನ್ನೇ ಕಾಗದದಲ್ಲಿ ಕಟ್ಟಿದ ಹಾಗೆ. ಜೊತೆಗೆ ಬೆಲ್ಲ, ಅದು ಗಾಳಿಯ ತೇವ ಎಳೆದುಕೊಂಡು ಅಂಟುತ್ತದೆ. ಬೆಂಗಳೂರಿನ ಜನವರಿ ಒಣ ತಿಂಗಳು ಅನ್ನುವುದೊಂದೇ ಸಮಾಧಾನ, ಇದೇ ಹಬ್ಬ ಜುಲೈನಲ್ಲಿ ಬಂದಿದ್ದರೆ ಕಾಗದದ ಮಾತೇ ಇರುತ್ತಿರಲಿಲ್ಲ.

ಹಳೇ ಪೇಪರ್ ಹಾಕಿದರೆ ಆಗಲ್ವಾ ಅಂತ ನಮ್ಮವರು. ತಾತ ಬಸವನಗುಡಿ ಕಡಲೆಕಾಯಿ ಪರಿಷೆಯಿಂದ ಬರುವಾಗ ಪೇಪರಿನ ಪೊಟ್ಟಣ ತರುತ್ತಿದ್ದರು, ಕಾರ್ತಿಕದ ಕೊನೇ ಸೋಮವಾರ ಅಂದರೆ ನನಗೆ ಮೊದಲು ನೆನಪಾಗುವುದು ಆ ಪೊಟ್ಟಣ ಬಿಚ್ಚುವಾಗಿನ ಬಿಸಿ ಬಿಸಿ ವಾಸನೆ. ಆದರೆ ಆ ವಾಸನೆಯಲ್ಲಿ ಅರ್ಧ ಇಂಕಿನದ್ದೇ. ಪೇಪರಿನ ಮಸಿ ತಿಂಡಿಗೆ ಅಂಟುತ್ತದೆ, ಎಣ್ಣೆ ಇದ್ದರೆ ಇನ್ನೂ ಬೇಗ. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್ಎಸ್ಎಸ್ಎಐ 2016ರಲ್ಲೇ ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಅಂತ ಸೂಚನೆ ಕೊಟ್ಟಿತ್ತು, ಆಮೇಲೆ 2018ರ ನಿಯಮದಲ್ಲೂ ಅದು ಬಂತು. ಸಿಪ್ಪೆ ಇರುವ ಕಡಲೆಕಾಯಿಗೆ ಪರವಾಗಿಲ್ಲವೇನೋ, ಸಿಪ್ಪೆ ಸುಲಿದು ಹುರಿದಿದ್ದಕ್ಕೆ ಬೇಡ.

ಒಂದು ಶನಿವಾರ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಸುಲ್ತಾನ್‌ಪೇಟೆಗೆ ಹೋದೆ. ಮದುವೆ ಕಾರ್ಡಿನ ಅಂಗಡಿಗಳು, ಕಾಗದದ ಅಂಗಡಿಗಳು, ತಲೆ ಮೇಲೆ ಬಂಡಲ್ ಹೊತ್ತು ದಾರಿ ಬಿಡಿ ದಾರಿ ಬಿಡಿ ಅನ್ನುವವರು. ಚಂದದ ಪಾಕೆಟ್ಟು ಮಾಡಬೇಕು, ದಪ್ಪ ಕಾಗದ ಕೊಡಿ ಅಂದೆ. ಅಂಗಡಿಯ ಹಿರಿಯರು ಎಷ್ಟು ಜಿಎಸ್ಎಂ ಅಂದರು. ನಾನು ಬೆಬ್ಬೆಬ್ಬೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೋ ಅದೇ ಜಿಎಸ್ಎಂ. ಜೆರಾಕ್ಸ್ ಹಾಳೆ 70ರಿಂದ 80, ಮದುವೆ ಕಾರ್ಡು 200ರ ಮೇಲೆ. ಒಂದು ಚದರ ಮೀಟರಿಗೆ 16 ಎ4 ಹಾಳೆ ಬರುತ್ತದೆ, ಹಾಗಾಗಿ 80 ಜಿಎಸ್ಎಂನ ಒಂದು ಎ4 ಹಾಳೆ ಸರಿಯಾಗಿ 5 ಗ್ರಾಂ. ನನ್ನ 60 ಪಾಕೆಟ್ಟಿನ ಕಾಗದ ಎಲ್ಲ ಸೇರಿ 300 ಗ್ರಾಂ!

ಏನು ಮಾಡುತ್ತೀರಮ್ಮ, ಅಂಟಿಸುತ್ತೀರಾ ಮಡಚುತ್ತೀರಾ ಅಂತ ಕೇಳಿದರು. ಮಡಚುತ್ತೇನೆ ಅಂದೆ. ಒಂದು ದಪ್ಪ ಹಾಳೆ ತೆಗೆದು ಉದ್ದಕ್ಕೆ ಬಾಗಿಸಿ ತೋರಿಸಿದರು, ಸಲೀಸಾಗಿ ಬಾಗಿತು. ಅಡ್ಡಕ್ಕೆ ಬಾಗಿಸಿದರು, ಹಟ ಹಿಡಿಯಿತು. ಕಾಗದಕ್ಕೂ ಬಟ್ಟೆ, ಮರದ ಹಾಗೆ ಎಳೆ ಇರುತ್ತದೆ. ಎಳೆಯ ಜೊತೆಗೆ ಮಡಚಿದರೆ ಗೀಟು ಎಳೆದ ಹಾಗೆ ಕೂರುತ್ತದೆ, ಎದುರಿಗೆ ಮಡಚಿದರೆ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣುತ್ತದೆ. ನಾಲ್ಕು ದಿಕ್ಕಿಗೆ ಮಡಿಕೆ ಇರುವ ಕೆಲಸಕ್ಕೆ ದಪ್ಪ ಬೇಡ, 80 ಸಾಕು, ಹೋಗಿ ಅಂತ ಬಣ್ಣದ ಎ4 ಕಟ್ಟು ಕೈಗಿಟ್ಟರು. ಜಾಸ್ತಿ ಬೆಲೆಯದ್ದು ಮಾರಬಹುದಿತ್ತು, ಮಾರಲಿಲ್ಲ. ಎಣ್ಣೆಯ ಸಮಸ್ಯೆ ಹೇಳಿದ್ದಕ್ಕೆ ಬಟರ್ ಪೇಪರ್ ಹಾಕಿ ಅಂದರು. ಇಲ್ಲೊಂದು ಎಚ್ಚರಿಕೆ. ಡ್ರಾಯಿಂಗಿಗೆ ಮಾರುವ ಬಟರ್ ಪೇಪರ್ ಬೇರೆ, ಅಡುಗೆಯದು ಬೇರೆ. ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವುದನ್ನೇ ತನ್ನಿ.

ಈಗ ಮಡಚುವ ವಿಷಯ. ಗೋಂದು, ಪಿನ್ನು ಇಲ್ಲದೆ ನಿಲ್ಲುವ ಪಾಕೆಟ್ಟು ಯಾವುದು ಅಂತ ಯೋಚಿಸಿದಾಗ ನೆನಪಾಗಿದ್ದು ಸ್ಕೂಲಿನಲ್ಲಿ ಕತ್ತಿ ದೋಣಿ, ರಾಕೆಟ್ ಜೊತೆ ಕಲಿತ ಕಾಗದದ ಲೋಟ. ನಲ್ಲಿ ನೀರು ಹಿಡಿದು ಕುಡಿಯುತ್ತಿದ್ದೆವಲ್ಲ, ಅದೇ. ನೀರೇ ನಿಲ್ಲುತ್ತದೆ ಅಂದರೆ ಎಳ್ಳು ಎಲ್ಲಿಗೆ ಹೋಗುತ್ತದೆ? ತಳದಲ್ಲಿ ಅಂಟಿಸಿದ ಜಾಗವೇ ಇಲ್ಲ, ಬರೀ ಮಡಿಕೆ.

ಎ4 ಹಾಳೆಯ ಒಂದು ಮೂಲೆಯನ್ನು ಎದುರಿನ ಉದ್ದ ಅಂಚಿಗೆ ಮಡಚಿದರೆ ಒಂದು ಪಟ್ಟಿ ಹೊರಗೆ ಉಳಿಯುತ್ತದೆ. ಅದನ್ನು ಕತ್ತರಿಸಿ. ಎಸೆಯಬೇಡಿ, ಅದರದೇ ಕಥೆ ಇದೆ. ಈಗ ಕೈಯಲ್ಲಿ 21 ಸೆಂ.ಮೀ. ಚೌಕ. ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ, ಮಡಿಕೆ ನಿಮ್ಮ ಕಡೆಗೆ, ಚೂಪು ತುದಿ ಮೇಲಕ್ಕೆ. ಬಲಗಡೆಯ ಮೂಲೆ ಎತ್ತಿ ಎಡಗಡೆಯ ಇಳಿಜಾರು ಅಂಚಿನ ಮೇಲೆ ಒಂದು ಕಡೆ ಕೂರಿಸಬೇಕು. ಆಮೇಲೆ ಎಡಮೂಲೆಯನ್ನು ಅದೇ ಥರ ಬಲಕ್ಕೆ. ಮೇಲೆ ಎರಡು ತ್ರಿಕೋನ ಉಳಿಯುತ್ತವೆ. ಮುಂದಿನದನ್ನು ಕೆಳಗೆ ಬಗ್ಗಿಸಿ, ಈಗಷ್ಟೇ ತಂದ ಮೂಲೆಯ ಸಂದಿಗೆ ತುರುಕಿ. ಹಿಂದಿನದು ಮುಚ್ಚಳ. ತುಂಬಿದ ಮೇಲೆ ಅದನ್ನೂ ಮುಂದಕ್ಕೆ ತಂದು ಅದೇ ಸಂದಿಗೆ. ಮಡಿಕೆಯ ಮೇಲೆ ಚಮಚದ ಬೆನ್ನು ಒಂದು ಸಲ ಗಟ್ಟಿಯಾಗಿ ಎಳೆದರೆ ಇಸ್ತ್ರಿ ಮಾಡಿದ ಹಾಗೆ ಕೂರುತ್ತದೆ.

ಹೇಳೋಕೆ ಸುಲಭ. ಆ ಬಲಮೂಲೆಯನ್ನು ಇಳಿಜಾರಿನ ಮೇಲೆ ಸರಿಯಾಗಿ ಎಲ್ಲಿ ಕೂರಿಸಬೇಕು ಅನ್ನುವುದೇ ತಲೆನೋವು. ಸ್ವಲ್ಪ ಮೇಲೆ ಹೋದರೆ ಬಾಯಿ ಸೊಟ್ಟ, ಕೆಳಗೆ ಬಂದರೆ ಇನ್ನೊಂದು ಕಡೆ ಸೊಟ್ಟ. ಕಣ್ಣಂದಾಜಿನಲ್ಲಿ ಒಂದೆರಡು ಮಾಡಬಹುದು, 60 ಆಗುವುದಿಲ್ಲ. ಬುಟ್ಟಿಗೆ ಹೋದ 11ರಲ್ಲಿ ಒಂಬತ್ತು ಇದರದ್ದೇ. ಮಗಳು ಹತ್ತನೆಯದಕ್ಕೆ ಹೊರಟಾಗ ಕತ್ತರಿಸಿದ ಪಟ್ಟಿಯೊಂದು ತ್ರಿಕೋನದ ಮೇಲೆ, ಕೆಳಗಿನ ಮಡಿಕೆಗೆ ಸರಿಯಾಗಿ ಬಿದ್ದಿತ್ತು. ಅಮ್ಮಾ ಇಲ್ಲಿಗೇ ಮಡಚಲಾ ಅಂತ ಪಟ್ಟಿಯ ಮೇಲಂಚು ಇಳಿಜಾರನ್ನು ಮುಟ್ಟುವ ಜಾಗ ತೋರಿಸಿದಳು. ಸುಮ್ನೆ ಹೂಂ ಅಂದೆ, ನಾನು ಒಲೆಯ ಮೇಲಿನ ಹಾಲು ನೋಡುತ್ತಿದ್ದೆ. ತಿರುಗಿ ನೋಡಿದರೆ ಬಾಯಿ ಗೆರೆ ಹೊಡೆದಷ್ಟು ನೇರ! ಕಾಕತಾಳೀಯ ಅಂದುಕೊಂಡು ಇನ್ನೊಂದು ಮಾಡಿದೆ. ಅದೂ ನೇರ. ಪಾಕೆಟ್ಟು ಎತ್ತಿ ಪಟ್ಟಿಯ ಪಕ್ಕ ಹಿಡಿದೆ. ಪಾಕೆಟ್ಟಿನ ಎತ್ತರ, ಪಟ್ಟಿಯ ಅಗಲ ಎರಡೂ ಒಂದೇ. 8.7 ಸೆಂ.ಮೀ., ಕೂದಲೆಳೆ ವ್ಯತ್ಯಾಸ ಇಲ್ಲ.

ಅಲ್ಲಿಯವರೆಗೆ ಸೋಫಾದಲ್ಲಿ ಬಿದ್ದುಕೊಂಡಿದ್ದ ನಮ್ಮವರು ಲೆಕ್ಕ ಅಂದ ತಕ್ಷಣ ಎದ್ದು ಬಂದರು. ಎ4 ಹಾಳೆಯ ಉದ್ದ ಅದರ ಅಗಲದ 1.414ರಷ್ಟು, ಅಂದರೆ ಎರಡರ ವರ್ಗಮೂಲ. ಹಾಗಿದ್ದರೇನೇ ಅರ್ಧಕ್ಕೆ ಕತ್ತರಿಸಿದರೂ ಅದೇ ಆಕಾರ ಉಳಿಯುವುದು. ಜರ್ಮನಿಯವರು 1922ರಲ್ಲಿ ಈ ಅಳತೆಗಳನ್ನು ಗೊತ್ತು ಮಾಡಿದರಂತೆ. ಚೌಕ ಕತ್ತರಿಸಿದ ಮೇಲೆ ಉಳಿಯುವುದು ಅಗಲದ 0.414. ಲೋಟ ಮಡಚಿದಾಗ ಬರುವ ಎತ್ತರವೂ ಚೌಕದ ಬದಿಯ 0.414. ಮೂಲೆಯಿಂದ ಮೂಲೆಗೆ ಮಡಚುತ್ತೀವಲ್ಲ, ಎರಡರ ವರ್ಗಮೂಲ ಅಲ್ಲೂ ನುಗ್ಗುತ್ತದೆ. ಒಂದು ಹಾಳೆಯ ಹಿಂದೆ ಇಷ್ಟನ್ನೂ ಬರೆದು ತೋರಿಸಿದರು. ಅದು ಒಳ್ಳೆಯ ಬಣ್ಣದ ಹಾಳೆ, ಹಾಳಾಯಿತು, 11ರಲ್ಲಿ ಅದೂ ಒಂದು. ಆದರೆ ಇದಾದ ಮೇಲೆ ಅವರು ಎದ್ದು ಹೋಗಲಿಲ್ಲ.

ಇನ್ನೂ ಮಜಾ ಇದೆ. ಆ ಪಟ್ಟಿ 21 ಸೆಂ.ಮೀ. ಉದ್ದ, 8.7 ಅಗಲ. ಅದರಲ್ಲಿ ಎರಡು ಪುಟ್ಟ ಚೌಕ ಬರುತ್ತವೆ, 3.6 ಸೆಂ.ಮೀ. ಉಳಿಯುತ್ತದೆ. ಆ ಪುಟ್ಟ ಚೌಕ ಮಡಚಲು ಅಳತೆಪಟ್ಟಿ ಯಾವುದು ಹೇಳಿ? ಆ 3.6ರ ಚೂರೇ! ಪುಟ್ಟ ಪಾಕೆಟ್ಟಿನ ಎತ್ತರ ಸರಿಯಾಗಿ ಅಷ್ಟೇ ಬರುತ್ತದೆ. ಅದರ ಬಾಯಿ 5 ಸೆಂ.ಮೀ.ಗೆ ಸ್ವಲ್ಪ ಜಾಸ್ತಿ, ಒಂದು ಪೆಪ್ಪರ್‌ಮೆಂಟು ಅಥವಾ ಒಂದು ಪುಟಾಣಿ ಸಕ್ಕರೆ ಅಚ್ಚು ಹಿಡಿಯುತ್ತದೆ. ಹಾಗಾಗಿ ಒಂದು ಎ4 ಹಾಳೆಗೆ ಒಂದು ದೊಡ್ಡದು, ಎರಡು ಚಿಕ್ಕದು, ಕಸ ಅಂತ ಉಳಿಯುವುದು ಎರಡು ಬೆರಳಗಲದ ಚೂರು. ನಾನು ಪಟ್ಟಿಗಳನ್ನೆಲ್ಲ ಮೊದಲ ದಿನ ರದ್ದಿಗೆ ಹಾಕಿದ್ದೆ. ಬುಟ್ಟಿಗೆ ಕೈ ಹಾಕಿ ವಾಪಸ್ ತೆಗೆದೆ.

ಅಲಂಕಾರಕ್ಕೆ ಬರೋಣ. ನಮ್ಮ ಹತ್ತಿರ ವಾಶಿ ಟೇಪು ಒಂದೆರಡು ಸುರುಳಿ ಇತ್ತು. ಜಪಾನಿನ ಕೈಕಾಗದಕ್ಕೆ ವಾಶಿ ಅನ್ನುತ್ತಾರೆ, ಅದರ ಹೆಸರಿನ ಟೇಪು. ಚೆನ್ನಾಗಿದೆ, ಆದರೆ ನನಗೆ ಸೇರಲಿಲ್ಲ. ಅಂಗಡಿಯಿಂದ ತಂದ ಚಂದ ಮೇಲೆ ಅಂಟಿಸಿದ ಹಾಗೆ ಆಗುತ್ತದೆ. ಹಸಿರು ಟೇಪನ್ನು ಮಾತ್ರ ಸಣ್ಣಗೆ ಸೀಳಿ ಕಬ್ಬಿನ ಗರಿ ಮಾಡಿದೆವು. ಉಳಿದಿದ್ದೆಲ್ಲ ಬೆಂಡೆಕಾಯಿ. ತೊಟ್ಟಿನ ಹತ್ತಿರ ಅಡ್ಡಕ್ಕೆ ಕತ್ತರಿಸಿ, ಒಂದು ಗಂಟೆ ಹಾಗೇ ಒಣಗಲು ಬಿಟ್ಟು, ಆಮೇಲೆ ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಎಸಳಿನ ಹೂವು. ಒಣಗಿಸದೇ ಇದ್ದರೆ ಅದರ ಲೋಳೆಗೆ ಬಣ್ಣ ಜಾರುತ್ತದೆ. ಎಳೆಯದು ಬೇಡ, ಮುರಿದರೆ ಮುರಿಯದಂಥ ಬಲಿತ ಬೆಂಡೆಕಾಯಿ ಬೇಕು. ಜೀವನದಲ್ಲಿ ಮೊದಲ ಸಲ ತರಕಾರಿ ಗಾಡಿಯವನ ಹತ್ತಿರ ಬಲಿತಿದ್ದೇ ಕೊಡಪ್ಪ ಅಂದೆ, ಅವನು ನನ್ನ ಮುಖ ನೋಡಿದ. ಸುತ್ತ ಬೆಂಕಿಕಡ್ಡಿಯ ಹಿಂಬದಿಯಿಂದ ಚುಕ್ಕಿ. ಮಗಳು ಚುಕ್ಕಿ ಸೇರಿಸಿ ರಂಗೋಲಿಯ ಎಳೆ ಬಿಡುತ್ತೇನೆ ಅಂತ ಹಟ ಮಾಡಿ ನಾಲ್ಕು ಮಾಡಿದಳು, ಆಮೇಲೆ ಚುಕ್ಕಿಗೆ ವಾಪಸ್.

ಇಲ್ಲಿ ಒಂದು ಪೆದ್ದು ಕೆಲಸ ಮಾಡಿದೆವು. ಮೊದಲ ಆರು ಹಾಳೆಗೆ ಮಡಚುವ ಮುಂಚೆ ಒಂದೇ ಮಗ್ಗುಲಿಗೆ ಚಂದ ಚಂದ ಹೂವು ಒತ್ತಿದ್ದೆವು. ಮಡಚಿ ಮುಚ್ಚಳ ಹಾಕಿದರೆ ಎದುರಿಗೇ ದೊಡ್ಡ ಬೋಳು ತ್ರಿಕೋನ. ಮುಚ್ಚಳ ಹಿಂದಿನಿಂದ ಮುಂದಕ್ಕೆ ಬಗ್ಗುತ್ತದಲ್ಲ, ಕಾಣುವುದು ಹಾಳೆಯ ಒಳಮಗ್ಗುಲು! ಆಮೇಲೆ ಬುದ್ಧಿ ಬಂತು. ಮೊದಲು ಖಾಲಿ ಮಡಚುವುದು, ಮುಚ್ಚಿದಾಗ ಕಾಣುವ ಜಾಗಕ್ಕೆ ಪೆನ್ಸಿಲಲ್ಲಿ ಒಂದು ಗುರುತು, ಬಿಚ್ಚಿ ಹರಡಿ ಬಣ್ಣ ಒತ್ತುವುದು, ರಾತ್ರಿಯೆಲ್ಲ ಒಣಗಿಸಿ ಬೆಳಿಗ್ಗೆ ಮತ್ತೆ ಮಡಚುವುದು. ಮಡಿಕೆ ಆಗಲೇ ಬಿದ್ದಿರುವುದರಿಂದ ಎರಡನೇ ಸಲ ತಾನಾಗೇ ಕೂರುತ್ತದೆ. ತಿಂಡಿ ಕೂರುವ ಹೊಟ್ಟೆಯ ಒಳಗೆ ಬಣ್ಣ ತಾಗದ ಹಾಗೆ ನೋಡಿಕೊಂಡೆವು, ಬಟರ್ ಪೇಪರ್ ಇದ್ದರೂ ಸಹ.

ಹಿಂದಿನ ದಿನ ತುಂಬುವ ಕೆಲಸ. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲದ ಚೂರು. ಹುರಿದಿದ್ದು ಪೂರ್ತಿ ತಣ್ಣಗಾಗುವವರೆಗೆ ಕಾಯಲೇಬೇಕು, ಬಿಸಿ ಇದ್ದರೆ ಹಬೆಗೆ ಕಾಗದ ಮೆತ್ತಗಾಗುತ್ತದೆ, ಬೆಲ್ಲ ಬೆವರುತ್ತದೆ. ಬಟರ್ ಪೇಪರಿನ ತುಂಡಿನಲ್ಲಿ ಒಂದು ಹಿಡಿ ಹಾಕಿ, ಶೆಟ್ಟರ ಅಂಗಡಿಯ ಪೊಟ್ಟಣದ ಥರ ಸುತ್ತಿ, ದೊಡ್ಡ ಪಾಕೆಟ್ಟಿಗೆ ಇಳಿಸಿದೆವು. ಸಕ್ಕರೆ ಅಚ್ಚನ್ನು ಅದರ ಜೊತೆ ಹಾಕಲಿಲ್ಲ. ಅಮ್ಮನ ಮರದ ಅಚ್ಚುಗಳಲ್ಲಿ ಮಾಡಿದ ಗಿಣಿ, ತುಳಸಿಕಟ್ಟೆ, ಮೀನು. ಕಡಲೆಬೀಜಕ್ಕೆ ಒರೆಸಿಕೊಂಡರೆ ಗಿಣಿಯ ಕೊಕ್ಕು ಹೋಗುತ್ತದೆ. ಚಿಕ್ಕವಕ್ಕೆ ಪುಟ್ಟ ಪಾಕೆಟ್ಟು ಹೇಳಿ ಮಾಡಿಸಿದ ಹಾಗಿತ್ತು. ತುಳಸಿಕಟ್ಟೆ ಮಾತ್ರ ಎಷ್ಟು ತುರುಕಿದರೂ ಹಿಡಿಸಲಿಲ್ಲ, ಅದನ್ನು ತಟ್ಟೆಯಲ್ಲೇ ಒಯ್ದಳು.

ಒಂದು ಪಾಕೆಟ್ಟಿಗೆ ಎಷ್ಟು ಹೊತ್ತು ಅಂತ ಕೇಳಿದರೆ, ಮಡಚಲು ಎರಡು ನಿಮಿಷ ಸಾಕು. ಬಣ್ಣ, ಒಣಗಿಸುವುದು, ಮಗಳ ಜೊತೆ ಜಗಳ ಎಲ್ಲ ಸೇರಿಸಿದರೆ ನಾಲ್ಕು ಸಂಜೆ. ನಾನು ಮತ್ತೆ ಮಾಡುತ್ತೇನಾ? ಮಾಡುತ್ತೇನೆ, ಆದರೆ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ.

ಹಬ್ಬದ ಸಂಜೆ ತಟ್ಟೆ ಹಿಡಿದು ಹೊರಟಾಗ ನನಗಿದ್ದ ಭಯ ಒಂದೇ, ಲಿಫ್ಟಿನಲ್ಲಿ ತಟ್ಟೆ ವಾಲಿ ಎಲ್ಲ ಬಿಚ್ಚಿಕೊಂಡರೆ ಅಂತ. ತಟ್ಟೆ ವಾಲಿತು ಕೂಡ. ಮೂರು ಪಾಕೆಟ್ಟು ನೆಲಕ್ಕೆ ಬಿದ್ದವು, ಮಗಳು ಎತ್ತಿ ಲಂಗಕ್ಕೆ ಒರೆಸಿ ಮತ್ತೆ ಇಟ್ಟುಕೊಂಡಳು. ಒಂದು ಮನೆಯ ಅಜ್ಜಿ ಮುಚ್ಚಳ ಬಿಚ್ಚುವ ಬದಲು ಬುಡ ಹರಿದು ಎಳ್ಳೆಲ್ಲ ಮಡಿಲಿಗೆ ಸುರಿದುಕೊಂಡರಂತೆ. ಮುಂದಿನ ವರ್ಷ ಎಲ್ಲಿ ಬಿಚ್ಚಬೇಕು ಅಂತ ಒಂದು ಬಾಣದ ಗುರುತು ಹಾಕಬೇಕು.

ಮೂರು ದಿನ ಬಿಟ್ಟು, ಕೆಳಗಿನ ಮನೆಯ ಹುಡುಗ ಬೆಲ್ ಹೊಡೆದ. ಕೈಯಲ್ಲಿ ನಮ್ಮದೇ ಪಾಕೆಟ್ಟು, ಹಳದಿ, ಮುಚ್ಚಳದ ಮೇಲೆ ಅರ್ಧ ಬಿದ್ದ ಬೆಂಡೆಕಾಯಿ ಹೂವು. ವಾಪಸ್ ಕೊಡು ಅಂದರು ಅಜ್ಜಿ ಅಂದ. ಅಯ್ಯೋ ಇದನ್ನು ಯಾರಾದರೂ ವಾಪಸ್ ಕೊಡುತ್ತಾರಾ ಅಂತ ತೆಗೆದುಕೊಂಡರೆ ಭಾರ ಇತ್ತು. ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರದು ಅಂತ ಅವರಜ್ಜಿ ಒಳಗೆ ಸಕ್ಕರೆ ತುಂಬಿ ಕಳಿಸಿದ್ದರು. ಅವನು ಎರಡು ಮಹಡಿ ಓಡಿಕೊಂಡು ಬಂದಿದ್ದ. ನಾನು ಬಾಗಿಲಾಚೆ ಬಗ್ಗಿ ಮೆಟ್ಟಿಲು ನೋಡಿದೆ. ಒಂದು ಹರಳೂ ಚೆಲ್ಲಿರಲಿಲ್ಲ.